ಅಳಿಯನ ಗಾಲಿ, ಮಾವನ ಹೆಗಲು

೨೦೦೩ರಲ್ಲಿ ಇಳಕಲ್‌ನಿಂದ ಹುನಗುಂದಕ್ಕೆ ಹೋಗುವ ರಸ್ತೆಯ ಮೇಲೆ ನನ್ನ ಟೈರ್ ಅಂಗಡಿ ಇತ್ತು. ಗ್ರಾನೈಟ್ ಕಲ್ಲು ಹೊರುವ ಲಾರಿಗಳೇ ನಮ್ಮ ಅನ್ನದಾತರು. ಕಾರುಗಳು ಬಂದರೆ ಪಂಕ್ಚರ್‌ಗೆ, ಇಲ್ಲವೇ ಗಾಳಿಗೆ. ಒಂದು ಬೆಳಿಗ್ಗೆ ವೀರಪ್ಪ ಕಾಕಾ ತಮ್ಮ ಹಳೆಯ ಅಂಬಾಸಿಡರ್‌ನಲ್ಲಿ ಬಂದರು. ಓಡಿಸಿದ್ದು ಮಾತ್ರ ಬಾಡಿಗೆ ಡ್ರೈವರ್. ೧೯೬೮ರ ಮಾಡೆಲ್ಲಿನ ಆ ಕಾರಿನ ಸ್ಟೇರಿಂಗನ್ನು ಅವರು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ.

ಕಾಕಾ ನೇಕಾರರ ಮನೆತನದವರು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯ್ದು, ಆಮೇಲೆ ಸೀರೆ ವ್ಯಾಪಾರಕ್ಕೆ ಬಂದವರು. ಹಿಂದೊಮ್ಮೆ ಅಟ್ಟದ ಏಣಿಯಿಂದ ಬಿದ್ದು ಎಡ ಹೆಗಲು ಮುರಿದುಕೊಂಡಿದ್ದರು. ಮೂಳೆ ಕೂಡಿತು, ಕೈಗೆ ಮೊದಲಿನ ಶಕ್ತಿ ಬರಲಿಲ್ಲ. ಕಾರು ಓಡಿಸಲು ಅಡ್ಡಿಯಿಲ್ಲವೆಂದು ಡಾಕ್ಟರರು ಹೇಳಿದ್ದರು. ಅಮಾವಾಸ್ಯೆಗೊಮ್ಮೆ ಗಂಗಕ್ಕನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಬಾದಾಮಿಯ ಹಾದಿಯಲ್ಲಿ ಮಹಾಕೂಟಕ್ಕೆ ಹೋಗಿ, ಹೊಂಡದಲ್ಲಿ ಮಿಂದು ಬರುವುದು ಗಂಡಹೆಂಡಿರ ನೇಮ. ದಾರಿಯುದ್ದಕ್ಕೂ ಅವರಿಬ್ಬರ ಮಾತು ಮುಗಿಯುತ್ತಿರಲಿಲ್ಲವಂತೆ.

“ಬಸಣ್ಣಾ, ಗಿರಾಕಿ ಇದ್ರ ನೋಡಪಾ. ಗಾಡಿ ಕೊಟ್ಟಬಿಡ್ತೇನಿ.”

“ಯಾಕ ಕಾಕಾ?”

“ಕೈ ಹೋತು. ತಿರುವಿನಾಗ ಸ್ಟೇರಿಂಗ್ ಬರವಲ್ದು. ನಿಮ್ಮ ಕಾಕೂ ಬಾಜೂಕ ಕೂತು ಅಂಜತಾಳ. ಮಹಾಕೂಟ ಬಿಟ್ಟು ಎರಡು ಅಮಾಸಿ ಆತು.”

ನನ್ನ ಕಣ್ಣು ಗಾಲಿಗಳ ಮೇಲೆ ಹೋಯಿತು. ಬೆಳ್ಳಿಯ ತಟ್ಟೆಯಂತೆ ಹೊಳೆಯುವ ಹೊಸ ಅಲಾಯ್ ವೀಲ್‌ಗಳು. ಬಾಗಲಕೋಟೆಯ ಅಳಿಯ ಮಹಾಂತೇಶ, ಮಾವನ ಕಾರು ಚೆಂದ ಕಾಣಲೆಂದು ಹಾಕಿಸಿಕೊಟ್ಟದ್ದು. ಹಾಕಿಸಿ ಎಷ್ಟು ದಿನವಾಯಿತೆಂದು ಕೇಳಿದೆ. ಕೈ ಹೋದದ್ದೂ ಗಾಲಿ ಬಂದದ್ದೂ ಒಂದೇ ಸಮಯಕ್ಕೆ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಕಾರಿನ ಮೂಲ ಟೈರ್ ೫.೯೦-೧೫. ಅಂದರೆ ಅಗಲ ಆರು ಇಂಚಿಗೆ ಚೂರು ಕಡಿಮೆ, ರಿಮ್ಮು ಹದಿನೈದು ಇಂಚು. ಹೊಸದು ೨೦೫/೬೫ ಆರ್ ೧೫. ೨೦೫ ಎಂದರೆ ಮಿಲಿಮೀಟರ್ ಲೆಕ್ಕದಲ್ಲಿ ಟೈರಿನ ಅಗಲ. ೬೫ ಎಂದರೆ ಪಕ್ಕದ ಗೋಡೆಯ ಎತ್ತರ, ಅಗಲದ ನೂರಕ್ಕೆ ಅರವತ್ತೈದು ಪಾಲು. ಗೋಡೆ ಎರಡು ಬದಿಗೂ ಇರುವುದರಿಂದ ಅದನ್ನು ಇಮ್ಮಡಿಸಿ ರಿಮ್ಮನ್ನು ಕೂಡಿಸಿದರೆ ಒಟ್ಟು ಎತ್ತರ ೬೪೭ ಮಿಲಿಮೀಟರ್. ಹಳೆಯದು ಸುಮಾರು ೬೬೦. ಎತ್ತರ ಇಷ್ಟು ಹತ್ತಿರವಿದ್ದರೆ ಸ್ಪೀಡೋಮೀಟರ್ ದೊಡ್ಡ ಸುಳ್ಳು ಹೇಳುವುದಿಲ್ಲ. ಹಾಕಿದವರು ಎತ್ತರವನ್ನು ಸರಿಯಾಗಿಯೇ ನೋಡಿದ್ದರು. ಆದರೆ ಅಗಲ ಎರಡು ಇಂಚಿಗೂ ಮಿಕ್ಕಿ ಹೆಚ್ಚಿತ್ತು. ಪವರ್ ಸ್ಟೇರಿಂಗ್ ಇಲ್ಲದ ಕಾರಿನಲ್ಲಿ ನೆಲಕ್ಕೆ ಅಂಟಿಕೊಂಡ ಅಷ್ಟು ರಬ್ಬರನ್ನು ತಿರುಗಿಸಲು ಎರಡು ಗಟ್ಟಿ ಹೆಗಲು ಬೇಕು. ಕಾಕಾನಿಗೆ ಇದ್ದದ್ದು ಒಂದೂಕಾಲು.

“ಹಳೇ ಗಾಲಿ ಎಲ್ಲದಾವ ಕಾಕಾ?”

“ಮನ್ಯಾಗ, ಮಗ್ಗದ ಕುಣ್ಯಾಗ. ಈಗ ನೇಯೋರ್ಯಾರು?”

ಎರಡನ್ನು ತರಿಸಿ ಮುಂದೆ ಹಾಕಿ, ಕಾಕಾನನ್ನು ಸ್ಟೇರಿಂಗ್ ಮುಂದೆ ಕೂಡಿಸಿದೆ. ಅವರು ಅಂಗಳದಲ್ಲಿ ಒಂದು ಸುತ್ತು ಹಾಕಿದರು, ಇನ್ನೊಂದು ಹಾಕಿದರು. ನಿಲ್ಲಿಸಿ ತಮ್ಮ ಎಡಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡರು.

“ಇಲ್ಲೇ ಐತಲ್ಲೋ ಬಸಣ್ಣಾ, ಕೈ.”

“ಹಂಗಾದ್ರ ಇವ ಇರಲಿ.”

“ಬ್ಯಾಡ. ಅವನ್ನ ಹಾಕು,” ಎಂದರು ಕಾಕಾ. “ಮಗಳ ಮನ್ಯಾಗ ನೀರು ಕುಡಿಲಿಕ್ಕೂ ಹಿಂದ ಮುಂದ ನೋಡಾವ ನಾ. ಆ ಹುಡುಗನ ಪ್ರೀತಿ ನೋಡಿ ತಗೊಂಡೆ. ಈಗ ಬಿಚ್ಚಿ ಒಗದ್ರ ಮಗಳ ಮುಖ ಹೆಂಗ ನೋಡ್ಲಿ? ಕೈ ಹೋತಂತ ಗಾಡಿ ಮಾರಿದ್ರ ಯಾರಿಗೂ ನೋವಿಲ್ಲ.”

“ಗಾಲಿ ಅಳಿಯಾರದ ಇರಲಿ, ಮ್ಯಾಲಿನ ಟೈರ್ ಅಷ್ಟ ಬದಲ ಮಾಡೂಣು.”

“ಅಳಿಯಾರ ಕಣ್ಣು ಚುರುಕು. ಟೈರ್ ಸಣ್ಣ ಆದದ್ದು ಕಾಣತೈತಿ. ನೀ ಏನೂ ಹೇಳಬ್ಯಾಡ ಮತ್ತ, ನನ್ನಾಣಿ.”

ಅಗಲ ಟೈರ್‌ಗಳನ್ನೇ ಮತ್ತೆ ಹಾಕಿದೆವು. ಗಿರಾಕಿಗೆ ತೋರಿಸಲೆಂದು ಕಾರು ನನ್ನ ಅಂಗಡಿಯಲ್ಲೇ ನಿಂತಿತು. ನಾನು ಸುಮ್ಮನಿರಲಾರದೆ ರಿಮ್ಮಿಗೆ ಅಳತೆ ಹಿಡಿದೆ. ಅಗಲ ಐದೂವರೆ ಇಂಚು. ಗಾಲಿಯ ನಡುವಿನ ಹಬ್‌ಗೆ ಕೂಡುವ ಆಳ, ಅಂದರೆ ಆಫ್‌ಸೆಟ್, ಹಳೆಯ ರಿಮ್ಮಿನಷ್ಟೇ. ಗಾಲಿಯಲ್ಲಿ ದೋಷವಿರಲಿಲ್ಲ. ಅದಕ್ಕೆ ೧೬೫/೮೦ ಆರ್ ೧೫ ಕೂಡುತ್ತಿತ್ತು: ಅಗಲ ನಲವತ್ತು ಮಿಲಿಮೀಟರ್ ಕಡಿಮೆ, ಎತ್ತರ ೬೪೫, ಕಾರಿನ ಭಾರ ಹೊರುವಷ್ಟು ತಾಕತ್ತೂ ಇತ್ತು.

ಆ ವಾರವೇ ಮಹಾಂತೇಶ ಓಡಿಬಂದ. “ಮಾವಾರು ಗಾಡಿ ಮಾರ್ತಾರಂತ ಖರೇನ್ರಿ? ಕೈ ಭಾಳ ನೋಯ್ತದೇನು? ಹುಬ್ಬಳ್ಳಿ ದವಾಖಾನಿಗೆ ತೋರಸೂಣೇನ್ರಿ?”

ಆಣೆ ಮುರಿಯುವಂತಿರಲಿಲ್ಲ. “ಮೊದಲ ಈ ಗಾಡಿ ತಿರುವಿ ಆ ಗ್ವಾಡಿ ಬಾಜೂಕ ಹಚ್ಚಿಕೊಡ್ರಿ. ಎಡಗೈ ಮಾತ್ರ ತೊಡಿ ಮ್ಯಾಲ ಇರಬೇಕು,” ಎಂದೆ.

“ಪರೀಕ್ಷಾ ಏನ್ರಿ?” ಎಂದು ನಗುತ್ತಲೇ ಕೂತ. ಅರ್ಧ ತಿರುವಿನಲ್ಲಿ ಎಡಗೈ ತಾನಾಗಿಯೇ ಮೇಲೆದ್ದಿತು. ಅದನ್ನು ಇಳಿಸಿ ಮತ್ತೆ ತಿರುವಿದ. ಕುತ್ತಿಗೆಯ ನರ ಉಬ್ಬಿದವು, ನಗು ಇಳಿಯಿತು. ಇಂಜಿನ್ ಬಂದ್ ಮಾಡಿ ಕೆಳಗಿಳಿದು ಮುಂದಿನ ಟೈರಿನ ಅಗಲಕ್ಕೆ ಗೇಣು ಹಚ್ಚಿ ನೋಡಿದ.

“ನನಗೊಂದ ಮಾತು ಹೇಳಿಲ್ಲಲ್ರಿ ಮಾವಾರು.”

“ನಾನೂ ಹೇಳಿಲ್ಲ ನೋಡ್ರಿ,” ಎಂದೆ.

ಅಳತೆ ಕೇಳಿಕೊಂಡು ಹೋಗಿ, ಮಹಾಂತೇಶ ತಾನೇ ಹುಬ್ಬಳ್ಳಿಯಿಂದ ಟೈರ್ ತಂದ. ಕಾಕಾನನ್ನು ಅಂಗಡಿಗೆ ಕರೆಸಿ, ತಲೆ ಕೆರೆದುಕೊಳ್ಳುತ್ತ ಕೇಳಿದ: “ಮಾವಾರ, ತಪ್ಪು ತಿಳಿಬ್ಯಾಡ್ರಿ. ಆ ಅಗಲ ಟೈರ್ ನನ್ನ ಗಾಡಿಗೆ ಬೇಕಾಗಿದ್ವು. ನಿಮಗ ಬ್ಯಾರೆ ತಂದೇನಿ. ಅವನ್ನ ನನಗ ಕೊಡ್ತೀರೇನು?”

ಅವನ ಕಾರಿನ ರಿಮ್ಮು ಹದಿಮೂರು ಇಂಚಿನದು. ಆ ಟೈರ್ ಅದಕ್ಕೆ ಏಳು ಜನ್ಮಕ್ಕೂ ಕೂಡುವುದಿಲ್ಲ. ಕಾಕಾ ರಸ್ತೆಯಲ್ಲಿ ನಿಂತಿದ್ದ ಆ ಕಾರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಕಾಲ ಬಳಿಯೇ ಇದ್ದ ಜಾಕನ್ನು ಹುಡುಕತೊಡಗಿದೆ.

“ಒಯ್ರಿ ಅಳಿಯಾರ,” ಎಂದರು ಕಾಕಾ. “ಮಾವನ ಮನಿದು ಒಯ್ಯೂದು ನಿಮ್ಮ ಹಕ್ಕು.”

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ಪರಿಚಯದ ಹಾರ್ನ್ ಕೇಳಿಸಿತು. ಸ್ಟೇರಿಂಗ್ ಹಿಡಿದವರು ಕಾಕಾ. ಪಕ್ಕದಲ್ಲಿ ಗಂಗಕ್ಕ ಆಗಲೇ ಏನೋ ಹೇಳುತ್ತಿದ್ದಳು.

ನಮ್ಮಜ್ಜ ಬಂಡಿ ಮಾಡುವ ಬಡಿಗ. ಎತ್ತಿನ ಹೆಗಲು ನೋಡದೆ ನೊಗ ಕೆತ್ತಬೇಡ ಎನ್ನುತ್ತಿದ್ದ. ನಾನು ಎಷ್ಟೋ ವರ್ಷ ರಿಮ್ಮು ನೋಡಿ ಟೈರ್ ಕೊಟ್ಟವನು. ಆ ಬೆಳಗಿನಿಂದ, ಅಂಗಡಿಯನ್ನು ಕಾಯಮ್ಮಾಗಿ ಮುಚ್ಚುವ ತನಕ, ಯಾರು ಹೊಸ ಗಾಲಿ ಕೇಳಿಕೊಂಡು ಬಂದರೂ ಟೇಪು ಹಿಡಿಯುವ ಮೊದಲು ಒಂದು ಮಾತು ಕೇಳುತ್ತಿದ್ದೆ: “ಗಾಡಿ ಓಡಸೋರು ಯಾರ್ರಿ?”