ಅತ್ತಿಗೆ ಮಾಡಿಸಿದ ಇದ್ದಿಲ ಪರವಾನಗಿ

ಅಣ್ಣ ಸುಟ್ಟುಕೊಂಡದ್ದು ಬಚ್ಚಲ ಒಲೆಯಲ್ಲಿ ಎಂದು ನಾವೆಲ್ಲ ನಂಬಿದ್ದೆವು. ಹಾಗೆ ಹೇಳಿದವನು ಅಣ್ಣನೇ. ಆಸ್ಪತ್ರೆಯ ಮಂಚದ ಮೇಲೆ, ಸೊಂಟದಿಂದ ಕೆಳಗೆ ಬ್ಯಾಂಡೇಜು ಸುತ್ತಿಸಿಕೊಂಡು ಮಲಗಿದ್ದ. ಡಾಕ್ಟರು ಕೇಳಿದಾಗ, ‘ಹಂಡೆಗೆ ಬೆಂಕಿ ಹಾಕಕ್ಕೆ ಹೋಗಿ ಜಾರಿದೆ ಸಾರ್’ ಅಂದ.

‘ಎರಡೂ ಕಾಲು ಒಟ್ಟಿಗೆ ಒಲೆಯೊಳಗೆ ಹೋಯ್ತಾ?’

‘ಹೂಂ ಸಾರ್. ನಮ್ದು ದೊಡ್ಡ ಒಲೆ.’

ಡಾಕ್ಟರು ಅತ್ತಿಗೆಯ ಕಡೆ ನೋಡಿದರು. ಅವಳು ಗೋಡೆಗೆ ಒರಗಿ ನಿಂತಿದ್ದಳು. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.

ಗಾಯ ಕೀವಾಯಿತು, ಜ್ವರ ಏರಿತು, ಅಣ್ಣ ಉಳಿಯಲಿಲ್ಲ. ಸುಟ್ಟು ಸತ್ತವರಿದ್ದಲ್ಲಿ ಪೊಲೀಸರು ಬರುತ್ತಾರೆ, ಬಂದರು. ಅತ್ತಿಗೆ ಅವರಿಗೂ ಒಲೆಯ ಮಾತನ್ನೇ ಹೇಳಿದಳು. ಅವರು ಬರೆದುಕೊಂಡು ಹೋದರು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಹುಂಚದಿಂದ ಒಳಕ್ಕೆ ಹೋದರೆ ಸಿಗುವ ನಮ್ಮೂರಿನಲ್ಲಿ ಇರುವುದೇ ಕೆಲವು ಮನೆ. ಅತ್ತಿಗೆ ಸಾಗರದ ಕಡೆಯವಳು, ಮಾತು ಜೋರು. ಗಂಡನ ಜೊತೆ ಜಗಳಕ್ಕೆ ನಿಂತರೆ ರಸ್ತೆಯವರೆಗೂ ಕೇಳುತ್ತಿತ್ತು. ಮಕ್ಕಳಾಗಿರಲಿಲ್ಲ. ಇಷ್ಟು ಸಾಕಾಯಿತು. ಗಟ್ಟಿಮುಟ್ಟಾದ ಗಂಡಸು ತನ್ನ ಬಚ್ಚಲಲ್ಲಿ ತಾನೇ ಎರಡೂ ಕಾಲು ಹಾಕಿ ಬೀಳುತ್ತಾನೆಯೇ ಎಂದು ಮೇಲ್ಮನೆಯ ಯಜಮಾನರು ಯಾರದೋ ಮದುವೆಮನೆಯಲ್ಲಿ ಕೇಳಿದರಂತೆ. ಪ್ರಶ್ನೆ ಊರು ಸುತ್ತಿ ನಮ್ಮ ಅಂಗಳಕ್ಕೆ ಬರುವಷ್ಟರಲ್ಲಿ ‘ಅವಳೇ ದೂಡಿದ್ದಂತೆ’ ಎಂದಾಗಿತ್ತು.

ನಾನು ತೀರ್ಥಹಳ್ಳಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಊರಿಗೆ ಹೋದಾಗ ನನಗೆ ಮೊದಲು ಕಂಡದ್ದು ಅವ್ವನ ತಟ್ಟೆ. ಅವ್ವ ತಾನೇ ಬೇರೆ ಒಲೆ ಹೂಡಿ, ಗಂಜಿ ಬೇಯಿಸಿಕೊಂಡು, ಜಗುಲಿಯ ಮೂಲೆಯಲ್ಲಿ ಕೂತು ಉಣ್ಣುತ್ತಿದ್ದಳು. ಸೊಸೆಯ ಕೈಯ ಅನ್ನ ಮುಟ್ಟುತ್ತಿರಲಿಲ್ಲ. ಯಾಕವ್ವ ಅಂದರೆ, ‘ನಂಗೆ ಖಾರ ಆಗ್ತದಿಲ್ಲ’ ಅಂದಳು. ಒಳಗೆ ಅತ್ತಿಗೆ ಅದನ್ನು ಕೇಳಿಸಿಕೊಂಡು ಸೌಟು ಕೆಳಗಿಟ್ಟದ್ದು ನನಗೆ ಕೇಳಿಸಿತು.

ವರ್ಷ ಕಳೆದ ಮೇಲೆ ಒಂದು ದಿನ ಅತ್ತಿಗೆ ನನ್ನ ಅಂಗಡಿಗೆ ಬಂದಳು. ಗಿರಾಕಿಗಳು ಹೋಗುವವರೆಗೂ ಸ್ಟೂಲಿನ ಮೇಲೆ ಕೂತಿದ್ದು, ‘ಒಂದು ಅರ್ಜಿ ಬರ್ದು ಕೊಡ್ತೀಯಾ?’ ಅಂದಳು.

‘ಎಂತದಕ್ಕೆ?’

‘ಇದ್ದಿಲು ಸುಡೋ ಪರವಾನಗಿಗೆ.’

ನನಗೆ ಅರ್ಥವಾಗಲಿಲ್ಲ. ಅಣ್ಣ ಇದ್ದಾಗ ನಮ್ಮ ಗುಡ್ಡದ ಅಕೇಶಿಯಾ ಕಡಿದು ಕದ್ದುಮುಚ್ಚಿ ಇದ್ದಿಲು ಸುಡುತ್ತಿದ್ದ. ಮರ ನಮ್ಮದೇ, ಜಾಗ ನಮ್ಮದೇ. ಆದರೂ ಇದ್ದಿಲು ಮಾಡಲು ಅರಣ್ಯ ಇಲಾಖೆಯ ಪರವಾನಗಿ ಬೇಕು, ಸಾಗಿಸಲು ಪಾಸು ಬೇಕು. ಅವನು ಎರಡನ್ನೂ ಮಾಡಿಸಿರಲಿಲ್ಲ. ಜೀಪಿನ ಸದ್ದಾದರೆ ತಲೆಯ ಮೇಲಿನ ಅಡಿಕೆಹಾಳೆಯ ಟೋಪಿ ತೆಗೆದು ಬಿಸಾಡಿ ಗುಡ್ಡ ಹತ್ತಿಬಿಡುತ್ತಿದ್ದ.

‘ಈಗ್ಯಾಕೆ ಅತ್ತಿಗೆ ಅದೆಲ್ಲ?’ ಅಂದೆ.

ಆಗ ಅವಳು ಹೇಳಿದಳು. ಅಣ್ಣ ಬಿದ್ದದ್ದು ಬಚ್ಚಲ ಒಲೆಗಲ್ಲ, ಇದ್ದಿಲ ಗೂಡಿಗೆ. ಸೌದೆ ಒಟ್ಟಿ, ಮೇಲೆ ದರಗು, ಅಂದರೆ ಒಣಗಿದ ಎಲೆ ಹರಡಿ, ಮಣ್ಣು ಮೆತ್ತಿ ಒಳಗೆ ಬೆಂಕಿ ಕೊಟ್ಟರೆ ದಿನಗಟ್ಟಲೆ ಹೊಗೆಯಾಡುತ್ತದೆ. ಮಣ್ಣು ಬಿರುಕು ಬಿಟ್ಟು ಗಾಳಿ ಹೊಕ್ಕರೆ ಎಲ್ಲ ಬೂದಿ. ಬೆಳಿಗ್ಗೆ ಹಾಲು ಕರೆದು ಹೋದವನು ಬಿರುಕು ಕಂಡು, ಮುಚ್ಚಲು ಗೂಡಿನ ಮೇಲೆ ಹತ್ತಿದ್ದ. ಒಳಗೆ ಸೌದೆ ಕುಗ್ಗಿ ಪೊಳ್ಳಾಗಿತ್ತು. ಮಣ್ಣು ಕುಸಿದು ತೊಡೆಯವರೆಗೂ ಇಳಿದುಹೋದ.

‘ನಾನೇ ಎಳ್ದು ಹಾಕಿದೆ. ಅಷ್ಟು ಉರೀಲೂ ಅವ್ರು ಹೇಳಿದ್ದು ಒಂದೇ ಮಾತು. ಗೂಡು ಮುಚ್ಚಿಬಿಡು, ಯಾರ್ಗೂ ಹೇಳ್ಬೇಡ, ಕೇಸ್ ಆಗ್ತದೆ ಅಂದ್ರು. ಮುಚ್ಚಿದೆ. ಹೇಳ್ಲಿಲ್ಲ.’

‘ಅವ್ವನಿಗಾದ್ರೂ ಹೇಳ್ಬಹುದಿತ್ತಲ್ಲ!’

‘ಬಾಯಿಬಿಟ್ಟು ಹೇಳಿದ್ರೆ ಯಾರು ನಂಬ್ತಾರೆ ಈಗ? ಅವಳೇ ಕಥೆ ಕಟ್ಟಿದ್ಲು ಅಂತಾರೆ. ಹೊಟ್ಟೆಪಾಡಿಗೆ ನಂಗೆ ಗೊತ್ತಿರೋದು ಅದೊಂದೇ ಕೆಲಸ, ಮಾಡ್ತೀನಿ. ಆದ್ರೆ ಬಚ್ಚಿಟ್ಟು ಮಾಡಲ್ಲ.’

ನಾನು ಅರ್ಜಿ ಬರೆದೆ. ಪಹಣಿ, ಜಾಗದ ನಕ್ಷೆ, ಮರ ನಮ್ಮದೇ ಎಂಬ ದಾಖಲೆ ಎಲ್ಲ ಸೇರಿಸಿಕೊಂಡು ಇಬ್ಬರೂ ಹೊಸನಗರದ ಅರಣ್ಯ ಕಚೇರಿಗೆ ಹೋದೆವು. ಅಲ್ಲಿದ್ದ ಅಧಿಕಾರಿ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಕೂರಲು ಹೇಳಿ, ಎಲ್ಲ ಓದಿ, ‘ಮೊದ್ಲು ಈ ಕೆಲ್ಸ ಮಾಡಿ ಅನುಭವ ಇದೆಯಾ?’ ಎಂದು ಕೇಳಿದರು. ಇಲ್ಲ ಅನ್ನುವಂತೆ ನಾನು ಅತ್ತಿಗೆಯ ಕಾಲು ಒತ್ತಿದೆ.

‘ಇದೆ ಸಾರ್,’ ಅಂದಳು ಅವಳು. ‘ಪರವಾನಗಿ ಇಲ್ದೆ ಮಾಡಿದ್ವಿ. ನನ್ನ ಗಂಡ ಆ ಗೂಡಿಗೇ ಬಿದ್ದು ಸತ್ರು.’

ಅವರು ಪೆನ್ನಿನ ಮುಚ್ಚಳ ಹಾಕಿದರು. ‘ಹೀಗೆ ಹೇಳಿದ್ರೆ ನಿಮಗೇ ತೊಂದ್ರೆ ಆಗ್ಬಹುದು, ಗೊತ್ತಾ ಅಮ್ಮ?’

‘ಆಗ್ಲಿ ಸಾರ್. ಹೇಳ್ದೆ ಇದ್ದು ಆಗಿದ್ದಕ್ಕಿಂತ ಹೆಚ್ಚು ಎಂತ ಆಗ್ತದೆ?’

ಅವರು ಸ್ಥಳ ನೋಡಲು ತಾವೇ ಬರುವುದಾಗಿ ಹೇಳಿದರು.

ಬಂದರು. ಮಹಜರಿಗೆ ಊರಿನವರ ಸಹಿ ಬೇಕೆಂದು ಮೇಲ್ಮನೆಯ ಯಜಮಾನರನ್ನೂ ಇನ್ನೊಬ್ಬರನ್ನೂ ಕರೆಸಿದರು. ಅವ್ವ ಕೋಲೂರಿಕೊಂಡು ಹಿಂದೆ ಬಂದಳು. ಹೊಸ ಗೂಡಿಗೆ ಗುರುತು ಮಾಡಿದ ಜಾಗ ಅಳೆದಾದ ಮೇಲೆ ಅಧಿಕಾರಿ, ‘ಹಳೇದು ಎಲ್ಲಿತ್ತು?’ ಅಂದರು. ಅತ್ತಿಗೆ ಗುಡ್ಡದ ಹಿಂಬದಿಗೆ ಕರೆದುಕೊಂಡು ಹೋಗಿ ಗುದ್ದಲಿ ಹಾಕಿದಳು. ಹುಲ್ಲಿನ ಕೆಳಗೆ ಕೆಂಪಗೆ ಸುಟ್ಟ ಮಣ್ಣು, ಅದರ ಕೆಳಗೆ ಕರಿ. ಅಗೆದಂತೆ ಅರ್ಧ ಸುಟ್ಟ ಒಂದು ರಬ್ಬರು ಚಪ್ಪಲಿ ಬಂತು, ಬಾರು ಕರಗಿ ಅಟ್ಟೆಗೆ ಅಂಟಿಕೊಂಡಿತ್ತು. ಅತ್ತಿಗೆ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಗುದ್ದಲಿ ಬಿಟ್ಟು ಅಲ್ಲೇ ಕೂತಳು.

ಮೇಲ್ಮನೆಯ ಯಜಮಾನರು ಹೆಗಲ ಟವಲು ತೆಗೆದು ಮುಖ ಒರೆಸಿಕೊಂಡರು. ಸಹಿ ಹಾಕುವಾಗ ಕಾಗದ ಓದದೆಯೇ ಹಾಕಿದರು. ಹೋಗುವಾಗ ಬಿದ್ದಿದ್ದ ಗುದ್ದಲಿ ಎತ್ತಿ ಅತ್ತಿಗೆಯ ಪಕ್ಕ ಇಟ್ಟರು.

ಅವ್ವ ಅವತ್ತು ಸೊಸೆ ಬಡಿಸಿದ ಎಲೆಗೆ ಕೂತಳು. ಎಲ್ಲ ಸರಿಹೋಯಿತು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಅವ್ವನ ಕೈ ಅನ್ನದಲ್ಲೇ ನಿಂತಿತು. ‘ನಂಗೂ ಸುಳ್ಳು ಹೇಳಿ ಹೋದ್ನಲ್ಲೇ,’ ಅಂದಳು. ‘ಒಲೆ ಹತ್ರ ಹೋಗಿ ಎಷ್ಟು ಸರ್ತಿ ಬೈದೀನಿ ಅದಕ್ಕೆ. ಕಲ್ಲಿಗೆ ಬೈದೀನಿ.’ ಅತ್ತಿಗೆ ಅವಳ ಬೆನ್ನು ಸವರಿದಳು. ಅವ್ವ ಆಮೇಲೆ ಹೆಚ್ಚು ದಿನ ಬದುಕಲಿಲ್ಲ.

ಸಾಗರದಲ್ಲಿದ್ದ ಮೇಲಧಿಕಾರಿಗಳ ಕಚೇರಿಯಿಂದ ಪರವಾನಗಿ ಬಂತು. ಹಳೆಯ ತಪ್ಪಿಗೆ ದಂಡವೂ ಬಿತ್ತು. ಅತ್ತಿಗೆ ಕಟ್ಟಿದಳು. ಕುಸಿಯುವ ಮಣ್ಣಿನ ಗೂಡು ಬೇಡವೆಂದು ಕಬ್ಬಿಣದ ಡ್ರಮ್ಮುಗಳಲ್ಲಿ ಸುಟ್ಟಳು. ಮೊದಲ ಸಲದ ಇದ್ದಿಲನ್ನು ಘಟ್ಟದ ಕೆಳಗಿನ ಒಂದು ಕುಲುಮೆಗೆ ಕಳಿಸುವಾಗ ನಾನೂ ಪಿಕಪ್ಪಿನಲ್ಲಿ ಜೊತೆಗಿದ್ದೆ. ಮಾಸ್ತಿಕಟ್ಟೆ ದಾಟಿ ಮುಂದೆ ಹೋದರೆ ಅರಣ್ಯದವರ ಗೇಟು. ದೂರದಿಂದ ಖಾಕಿ ಕಂಡದ್ದೇ ಅತ್ತಿಗೆ ನನ್ನ ಮಣಿಕಟ್ಟು ಹಿಡಿದಳು, ಬಳೆ ಚರ್ಮಕ್ಕೆ ಒತ್ತುವಷ್ಟು.

ಗಾರ್ಡು ಬಂದ. ಪಾಸು ಇಸಿದುಕೊಂಡು ನೋಡಿದ, ಹಿಂದೆ ಹೋಗಿ ಒಂದು ಚೀಲ ಮುಟ್ಟಿದ, ಪಾಸು ವಾಪಸು ಕೊಟ್ಟು ಗೇಟು ಎತ್ತಿದ. ‘ಹೋಗಿ ಅಕ್ಕ, ಮುಂದೆ ರಸ್ತೆ ಜಾರ್ತದೆ, ನಿಧಾನ’ ಅಂದ.

ಗಾಡಿ ಘಟ್ಟ ಇಳಿಯತೊಡಗಿತು. ಒಂದೆರಡು ತಿರುವು ದಾಟಿದ ಮೇಲೆ ಅತ್ತಿಗೆ ಕೇಳಿದಳು: ‘ಇಷ್ಟೇನಾ ಅದು? ನೋಡಿ ಬಿಡ್ತಾರೆ, ಇಷ್ಟೇನಾ?’

‘ಇಷ್ಟೇ ಅತ್ತಿಗೆ,’ ಅಂದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಡ್ರೈವರು ಕನ್ನಡಿಯಲ್ಲಿ ನೋಡಿ, ಏನೂ ಕೇಳದೆ, ಗಾಡಿಯ ವೇಗ ತಗ್ಗಿಸಿದ.