ತಿರುವಿನ ದೇವರೂ ಜೀಪಿನ ಪಟ್ಟಿಯೂ

ಕೈ ಮುಗಿಯಬೇಕಾದರೆ ಎರಡೂ ಕೈ ಬೇಕು ಎಂಬ ಪರಮಸತ್ಯ ನನಗೆ ಹೊಳೆದದ್ದು ಒಂದು ಹಳೆಯ ಜೀಪಿನಲ್ಲಿ. ನೀವೂ ಗಮನಿಸಿರಬಹುದು: ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಡುದಾರಿಗಳಲ್ಲಿ ಚೌಡವ್ವನಾಗಲಿ ಭೂತಪ್ಪನಾಗಲಿ ಹುಲಿಯಪ್ಪನಾಗಲಿ ನೇರ ರಸ್ತೆಯಲ್ಲಿ ನೆಲೆಸುವುದು ಅಪರೂಪ, ಅವರಿಗೆಲ್ಲ ತಿರುವೇ ಪ್ರಿಯ. ಜೀಪು ಒಂದು ಮಗ್ಗುಲಿಗೆ ವಾಲಿ, ಕುಳಿತವರು ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿಯಬೇಕಾದ ಕ್ಷಣಕ್ಕೇ ದೇವರು ಪ್ರತ್ಯಕ್ಷನಾಗುತ್ತಾನೆ; ಭಕ್ತರು ಹಿಡಿದದ್ದನ್ನೆಲ್ಲ ಬಿಟ್ಟು, ಎದ್ದು ನಿಂತು ಕೈ ಮುಗಿಯುತ್ತಾರೆ. ಕೂತಲ್ಲೇ ಮುಗಿಯುವುದು ನಮ್ಮವರ ಪ್ರಕಾರ ಮರ್ಯಾದೆಯಲ್ಲ.

ಆಗ ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ಸೇರಿದ ಹೊಸತು. ರಾಜ್ಯ ಬದಲಾದರೂ ರಸ್ತೆಯ ಹೊಂಡಗಳು ಸ್ಥಾನಪಲ್ಲಟ ಹೊಂದಿರಲಿಲ್ಲ. ಶಿರಸಿಯಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಸಂತೆಗಳಿಗೆ ಗಂಟು ಸಾಗಿಸಲು ಮಿಲಿಟರಿಯವರು ಹರಾಜು ಹಾಕಿದ ಜೀಪೊಂದನ್ನು ಕೊಂಡಿದ್ದೆ. ಬದಿಗೆ ಬಾಗಿಲಿಲ್ಲ, ಮೇಲೆ ಹರಕು ತಾಡಪಾಲು. ಅದನ್ನು ಓಡಿಸುವ, ರಿಪೇರಿ ಮಾಡುವ, ಬೇಕಾದಾಗ ಬೈಯುವ ಹಕ್ಕೆಲ್ಲ ನನ್ನ ಗೆಳೆಯ ಇಮಾಮಸಾಬರದು. ನನ್ನದು ಮಾಲೀಕನೆಂಬ ಹೆಸರು ಮಾತ್ರ.

ಮದುವೆಯಾದ ವರ್ಷ ನನ್ನ ಹೆಂಡತಿ ನೀಲವ್ವ ಅದರಲ್ಲಿ ಯಲ್ಲಾಪುರದಾಚೆಯ ತವರಿಗೆ ಹೊರಟವಳು ದಾರಿಯ ಮೊದಲ ದೇವರಿಗೇ ಎದ್ದು ಕೈ ಮುಗಿದು, ರಸ್ತೆಗೆ ಬಿದ್ದು, ಮೊಣಕೈ ಮುರಿದುಕೊಂಡಳು. ಎಲುಬು ಕೂಡಿತು, ಹೆದರಿಕೆ ಮಾತ್ರ ಹೋಗಲಿಲ್ಲ. ಹೀಗಿರುವಾಗ ಅವಳ ತಾಯಿ ಹಾಸಿಗೆ ಹಿಡಿದ ಸುದ್ದಿ ಬಂತು. ಬಸ್ಸು ಕಾಣದ ಊರು. ಚಕ್ಕಡಿಯಲ್ಲಿ ಹೋಗಿ ಮುಟ್ಟುವವರೆಗೆ ಆ ಜೀವ ತಡೆಯುವುದೆಂಬ ಭರವಸೆ ಸುದ್ದಿ ತಂದವರಿಗೂ ಇರಲಿಲ್ಲ. ನೀಲವ್ವ ಜೀಪಿಗೆ ಒಂದು ಕಾಲಿಟ್ಟಳು, ಇಳಿದುಬಿಟ್ಟಳು. ಅವಳ ಮುಖ ನೋಡಲು ನನಗೆ ಸಂಕಟವಾಯಿತು.

ಇಮಾಮಸಾಬರು ಹುಬ್ಬಳ್ಳಿಯ ಗುಜರಿಯಿಂದ ಎಂದೋ ತಂದಿಟ್ಟಿದ್ದ ವಿಮಾನದ ಸೀಟಿನ ಪಟ್ಟಿಗಳನ್ನು ಹೊರತೆಗೆದರು. ಇಬ್ಬರೂ ಸೇರಿ ಅವನ್ನು ಜೀಪಿನ ಮುಂದಿನ ಸೀಟಿಗೆ ಭದ್ರವಾಗಿ ಬಿಗಿದೆವು. ಪರೀಕ್ಷೆಗೆ ನಾನೇ ಕುಳಿತೆ. ಬ್ರೇಕು ಬಿದ್ದಾಗ ಪಟ್ಟಿ ನನ್ನನ್ನು ಸೀಟಿಗೆ ಚೆನ್ನಾಗಿಯೇ ಹಿಡಿದುಕೊಂಡಿತು, ಆದರೆ ಸೀಟನ್ನು ಹಿಡಿದುಕೊಳ್ಳುವವರು ಯಾರೂ ಇರಲಿಲ್ಲ. ಮುಂದಕ್ಕೆ ಮಡಚುವ ಆ ಸೀಟಿನ ಸಮೇತ ನಾನು ಎದುರಿನ ಗಾಜಿಗೆ ಹಣೆಯೊಡ್ಡಿದೆ. ಗಂಟು ಕಟ್ಟುವ ವಿದ್ಯೆಯೊಂದಾದರೂ ನನಗೆ ಒಲಿದಿದೆ ಎಂಬ ವ್ಯಾಪಾರಿಯ ಅಭಿಮಾನ ಅಲ್ಲಿಗೆ ಮುಗಿಯಿತು.

ಹಣೆಗೆ ಅರಿಸಿನ ಮೆತ್ತಿಕೊಂಡು ಮತ್ತೆ ಶುರುಮಾಡಿದೆವು. ಸೊಂಟದ ಪಟ್ಟಿಯ ಎರಡೂ ತುದಿಗಳನ್ನು ಜೀಪಿನ ತಳಕ್ಕೇ ಬೋಲ್ಟು ಹಾಕಿ, ತಗಡು ಹರಿದು ಬರದಂತೆ ಅಡಿಯಲ್ಲಿ ಅಂಗೈಯಗಲದ ಕಬ್ಬಿಣದ ಬಿಲ್ಲೆ ಕೊಟ್ಟೆವು. ಹೆಗಲ ಪಟ್ಟಿಗಳನ್ನು ಹಿಂದೆ ನೆಲಕ್ಕೆ ಎಳೆದು ಕಟ್ಟಿದರೆ ಬೆನ್ನನ್ನು ಕುಗ್ಗಿಸುತ್ತವೆ. ಆದ್ದರಿಂದ ಹೆಗಲಿನ ಎತ್ತರಕ್ಕೇ ಅಡ್ಡ ಪೈಪೊಂದನ್ನು ಬೆಸೆದು ಅದಕ್ಕೆ ನೇರವಾಗಿ ಬಿಗಿದೆವು. ಸೊಂಟದ ಪಟ್ಟಿ ಹೊಟ್ಟೆಯ ಮೇಲೇರದೆ ಕೆಳಗೆ ಎಲುಬಿನ ಮೇಲೆ ಕೂರುವಂತೆ, ಎಲ್ಲಿಯೂ ತಿರುಚಿಕೊಳ್ಳದಂತೆ ನೋಡಿಕೊಂಡೆವು. ಈ ಸಲ ಬ್ರೇಕು ಬಿದ್ದರೆ ನಾನೂ ಸೀಟೂ ಸ್ಥಿತಪ್ರಜ್ಞರು.

ನೀಲವ್ವ ಧೈರ್ಯ ಮಾಡಿ ಕುಳಿತಳು, ಪಟ್ಟಿ ಕಟ್ಟಿಸಿಕೊಂಡಳು. ಮರುಕ್ಷಣವೇ ಅವಳ ಮುಖ ಬಾಡಿತು.

“ಏಳಾಕ ಬರೂದಿಲ್ಲಲ್ರೀ! ದೇವ್ರ ಮುಂದ ಕುಂತ ಕೈ ಮುಗೀಲೇನು? ಒಂಚೂರು ಸಡಲ ಬಿಡ್ರಿ.”

“ಸಡಲ ಬಿಟ್ರ ಕಟ್ಟಿದ್ದೂ ಒಂದ, ಕಟ್ಟದ ಇದ್ದದ್ದೂ ಒಂದ, ತಂಗೆವ್ವಾ,” ಎಂದರು ಇಮಾಮಸಾಬರು. “ದೇವ್ರು ಬಂದಲ್ಲೆಲ್ಲಾ ನಾ ಗಾಡಿ ನಿಂದರಸ್ತೇನಿ. ಬಿಚ್ಚಿ ಏಳು, ಮುಗಿ, ಮತ್ತ ಕಟ್ಕೋ.”

ಹಾಗೆಯೇ ಹೋದೆವು. ಪ್ರತಿ ತಿರುವಿನಲ್ಲೂ ಇಂಜಿನು ಆರುತ್ತಿತ್ತು; ಅವಳು ಎದ್ದು ತಾಯಿಯ ಜೀವಕ್ಕಾಗಿ ಬೇಡಿಕೊಳ್ಳುತ್ತಿದ್ದಳು; ಹಿಂದೆ ಕೂತ ನಾನು ಬಗ್ಗಿ ಅವಳ ಹೆಗಲಿಗೆ ಪಟ್ಟಿ ಏರಿಸುತ್ತಿದ್ದೆ. ಅಷ್ಟು ಸಲ ನಿಂತೂ ಹೊತ್ತಿಗೆ ಸರಿಯಾಗಿ ತಲುಪಿದೆವು. ತಾಯಿ ಮಗಳ ಗುರುತು ಹಿಡಿದಳು, ಮುರಿದು ಕೂಡಿದ ಮೊಣಕೈಯನ್ನು ಸವರಿದಳು, ನಕ್ಕಳು. ಮರುದಿನ ಹೋಗಿಬಿಟ್ಟಳು.

ಕರ್ಮಾಂತರ ಮುಗಿಸಿ ಹಿಂದಿರುಗುವಾಗ ಮೊದಲ ತಿರುವಿನಲ್ಲಿ ಇಮಾಮಸಾಬರು ಗಾಡಿ ನಿಲ್ಲಿಸಿದರು. ನೀಲವ್ವ ಏಳಲಿಲ್ಲ. “ನಡೀರಿ,” ಎಂದಳು. ಬೇಡಿದ್ದು ಕೊಡದವರಿಗೆ ಕೈ ಮುಗಿಯುವ ಮನಸ್ಸು ಅವಳಿಗೆ ಉಳಿದಿರಲಿಲ್ಲ. ಮುಂದಿನ ತಿರುವಿನಲ್ಲೂ ಗಾಡಿ ನಿಂತಿತು, ಅದರಾಚೆಯದರಲ್ಲೂ ನಿಂತಿತು. ಇಮಾಮಸಾಬರು ಇಂಜಿನು ಆರಿಸಿ, ಎದುರಿನ ಕಾಡು ನೋಡುತ್ತ ಸ್ವಲ್ಪ ಹೊತ್ತು ಕಾಯುವರು; ಆಮೇಲೆ ಹೊರಡುವರು.

ಹಾಗೆ ನಿಂತ ಇನ್ನೊಂದು ಕಡೆ ನೀಲವ್ವ ಅವರನ್ನೇ ನೋಡಿದಳು. ಆಮೇಲೆ ತಾನೇ ಬಕಲು ಬಿಚ್ಚಿ, ನನ್ನತ್ತ ತಿರುಗಿ ಮೆಲ್ಲಗೆ, “ಅಣ್ಣಾರು ಆಗಳಿಂದ ನಿಂದರಸಾಕ ಹತ್ತ್ಯಾರ. ಅವರ ಸಲುವಾಗಿ ಏಳ್ತೇನಿ,” ಎಂದು ಎದ್ದು ನಿಂತಳು. ಕೈ ಮುಗಿದವಳಿಗೆ ಅಲ್ಲಿಯವರೆಗೆ ಬಾರದ ಅಳು ಬಂತು. ಅವಳ ಪಟ್ಟಿಯ ತುದಿಗಳನ್ನು ಎರಡೂ ಕೈಯಲ್ಲಿ ಹಿಡಿದು ನಾನು ಕಾದೆ. ಅವಳು ತಾನಾಗಿ ಕೂರುವವರೆಗೂ ಇಮಾಮಸಾಬರು ಇಂಜಿನು ಮುಟ್ಟಲಿಲ್ಲ.