ಬಟಾಣಿ ಟೀಚರ್ ಬಿಡಿಸಿದ ವಂಶದ ನಕ್ಷೆ

ಶಾಲೆಯ ಮಕ್ಕಳು ಆಕೆಗೆ ಬಟಾಣಿ ಟೀಚರ್ ಎಂದು ಹೆಸರಿಟ್ಟು ಇಪ್ಪತ್ತು ವರ್ಷ ದಾಟಿತ್ತು. ಹತ್ತನೇ ತರಗತಿಯಲ್ಲಿ ಅನುವಂಶೀಯತೆಯ ಪಾಠ ಶುರುವಾಗುವ ದಿನ ಆಕೆ ಎರಡು ಗಾಜಿನ ಬಾಟಲಿ ಹಿಡಿದುಕೊಂಡು ಬರುತ್ತಿದ್ದರು. ಒಂದರಲ್ಲಿ ನುಣ್ಣಗಿನ ದುಂಡು ಬಟಾಣಿ, ಇನ್ನೊಂದರಲ್ಲಿ ಸುಕ್ಕುಗಟ್ಟಿದ್ದು. ಎರಡೂ ಬಾಟಲಿ ಬೆಂಚಿನಿಂದ ಬೆಂಚಿಗೆ ಕೈ ಬದಲಾಯಿಸುತ್ತ ಹೋಗುವಷ್ಟರಲ್ಲಿ ಪಾಠದ ಮೊದಲರ್ಧ ಮುಗಿದಿರುತ್ತಿತ್ತು.

"ದುಂಡನ್ನೂ ಸುಕ್ಕನ್ನೂ ಕೂಡಿಸಿದ್ರೆ ಮಕ್ಕಳೆಲ್ಲ ದುಂಡೇ. ಹಾಗಾದ್ರೆ ಸುಕ್ಕು ಎಲ್ಲಿ ಹೋಯ್ತು? ಎಲ್ಲಿಗೂ ಹೋಗಿಲ್ಲ. ಒಳಗೆ ಅಡಗಿ ಕೂತಿದೆ. ಮುಂದಿನ ತಲೆಮಾರಲ್ಲಿ ನಾಲ್ಕಕ್ಕೊಂದರ ಹಾಗೆ ಮತ್ತೆ ಮುಖ ತೋರಿಸುತ್ತೆ" ಎನ್ನುತ್ತಿದ್ದರು.

ಎರಡನೇ ದಿನ ವಂಶದ ನಕ್ಷೆ. ಹೆಂಗಸರಿಗೆ ದುಂಡು, ಗಂಡಸರಿಗೆ ಚೌಕ. ಒಳಗೆ ಪೂರ್ತಿ ಸೀಮೆಸುಣ್ಣ ತುಂಬಿದರೆ ರೋಗ ಇದ್ದವರು. ಅರ್ಧ ತುಂಬಿದ ದುಂಡೆಂದರೆ ವಾಹಕಿ, ಅಂದರೆ ತನಗೆ ರೋಗವಿಲ್ಲದೆ ಮಕ್ಕಳಿಗೆ ದಾಟಿಸಬಲ್ಲವಳು. "ಒಂದು ಕುಟುಂಬ ಅಂತಿಟ್ಕೊಳ್ಳಿ" ಎಂದು ಆಕೆ ಬಿಡಿಸುತ್ತಿದ್ದ ನಕ್ಷೆ ಪ್ರತಿ ವರ್ಷವೂ ಒಂದೇ. ಮೇಲಿನ ಸಾಲಿನಲ್ಲಿ ತುಂಬಿದ ಚೌಕ ಒಂದು, ಪಕ್ಕದಲ್ಲಿ ಅವನ ಅಕ್ಕ, ಅರ್ಧ ತುಂಬಿದ ದುಂಡು. ಅವಳ ಕೆಳಗೆ ಮೂವರು ಮಕ್ಕಳು: ನಡುವೆ ತುಂಬಿದ ಚೌಕ, ಅತ್ತಿತ್ತ ಎರಡು ಖಾಲಿ ದುಂಡು. ಆ ಎರಡರ ಒಳಗೂ ಪ್ರಶ್ನಾರ್ಥಕ ಚಿಹ್ನೆ.

"ಅವರಿಬ್ಬರ ಕತೆ ಏನಾಯ್ತು ಟೀಚರ್?" ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು.

"ಒಬ್ಬೊಬ್ಬರಿಗೂ ಅರ್ಧಕ್ಕರ್ಧ. ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು" ಎಂದು ಹೇಳಿ ಆಕೆ ಬೋರ್ಡು ಒರೆಸಿಬಿಡುತ್ತಿದ್ದರು.

ಆ ಕುಟುಂಬ ಆಕೆಯದ್ದೇ. ನಡುವಿನ ಚೌಕ ಆಕೆಗಿಂತ ಮೂರು ವರ್ಷ ಚಿಕ್ಕವನಾದ ತಮ್ಮ. ಐದು ವರ್ಷದವನಿದ್ದಾಗ ಅವನ ಮೀನಖಂಡ ಎಷ್ಟು ದಪ್ಪಗಿತ್ತೆಂದರೆ ನೋಡಿದವರೆಲ್ಲ ಇವನು ಪೈಲ್ವಾನನಾಗುತ್ತಾನೆ ಎನ್ನುತ್ತಿದ್ದರು. ಆ ಪೈಲ್ವಾನ ಮೆಟ್ಟಿಲು ಹತ್ತಲಾರದೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಹನ್ನೊಂದಕ್ಕೆ ನಡಿಗೆ ನಿಂತಿತು. ಮೊದಮೊದಲು ಅವನನ್ನು ಎತ್ತಿ ಕೂರಿಸುತ್ತಿದ್ದವರು ಅಪ್ಪ. ಅಪ್ಪ ಬೆನ್ನು ಹಿಡಿದುಕೊಂಡು ಮಲಗಿದ ಮೇಲೆ ಆ ಕೆಲಸ ದೊಡ್ಡ ಮಗಳ ಪಾಲಿಗೆ ಬಂತು.

ಕಾಲೇಜಿನ ಎರಡನೇ ವರ್ಷದಲ್ಲಿ, ಇಪ್ಪತ್ತರ ಆಕೆ ತರಗತಿಯಲ್ಲಿ ಕೂತಿದ್ದಾಗ ಉಪನ್ಯಾಸಕರು ತಮ್ಮನ ಕಾಯಿಲೆಯ ಹೆಸರು ಹೇಳಿದರು. ಸ್ನಾಯುಗಳು ಒಂದೊಂದಾಗಿ ಸೋಲುವ ರೋಗ. ತಾಯಿಯ ಕಡೆಯಿಂದ ಬರುತ್ತದೆ, ಗಂಡುಮಕ್ಕಳನ್ನು ಹಿಡಿಯುತ್ತದೆ. ಆಕೆಗೆ ಮೈಯೆಲ್ಲ ಕಿವಿಯಾಯಿತು. ಇಷ್ಟು ವರ್ಷ ಯಾವ ವೈದ್ಯರೂ ಬಿಡಿಸಿ ಹೇಳದ ಒಗಟು ಒಂದು ಗಂಟೆಯಲ್ಲಿ ಬಿಡಿಸಿಕೊಂಡಿತ್ತು. ಮನೆಗೆ ಓಡಿಬಂದು, ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ಅಮ್ಮನ ಪಕ್ಕ ಕೂತು, ನೋಟ್ ಪುಸ್ತಕದ ಹಾಳೆಯ ಮೇಲೆ ಪೆನ್ಸಿಲಿನಿಂದ ದುಂಡು, ಚೌಕ ಬಿಡಿಸಿ ತೋರಿಸಿದರು.

ಅಮ್ಮ ಚಾಕು ಕೆಳಗಿಟ್ಟರು. "ಅಂದ್ರೆ ನಾನೇ ಕೊಟ್ಟಿದ್ದಾ ಇದನ್ನ?"

"ಹೂಂ ಅಮ್ಮ, ನಿನ್ನ ಕಡೆಯಿಂದಲೇ. ನಿನ್ನ ತಮ್ಮನೂ ಹೀಗೇ ತಾನೇ ಹೋಗಿದ್ದು?"

ಹೇಳುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆ ಕೂಡ ಇತ್ತು. ಮಾರನೇ ದಿನದಿಂದ ಅಮ್ಮ ಮಗನಿಗೆ ತಮ್ಮ ಕೈಯಾರೆ ಊಟ ಮಾಡಿಸುವುದನ್ನು ಬಿಟ್ಟರು. ಕೈ ನಡುಗುತ್ತದೆ ಎಂದು ತಟ್ಟೆಯನ್ನು ಮಗಳ ಕೈಗೆ ಕೊಡುತ್ತಿದ್ದರು. ಮರುವರ್ಷ, ಹದಿನೆಂಟಕ್ಕೆ, ತಮ್ಮ ಎದೆಯ ಕಫ ಕೆಮ್ಮಿ ಹೊರಹಾಕಲಾರದೆ ತೀರಿಕೊಂಡ. ಆಮೇಲೂ ಒಂಬತ್ತು ವರ್ಷ ಬದುಕಿದ ಅಮ್ಮ ಮನೆಗೆ ಬಂದವರ ಮುಂದೆಲ್ಲ "ನನ್ನ ಹೊಟ್ಟೇಲೇ ವಿಷ ಇತ್ತಂತೆ, ಇವಳು ಓದಿ ತಿಳ್ಕೊಂಡು ಬಂದಳು" ಎನ್ನುತ್ತಿದ್ದರು. ಸಿಟ್ಟಿನಿಂದಲ್ಲ, ವಿಳಾಸ ಹೇಳುವವರ ಹಾಗೆ. ತಾಯಿ ಬೇಕೆಂದು ಕೊಡುವುದಲ್ಲ, ಅದು ಚೀಟಿ ಎತ್ತಿದ ಹಾಗೆ ಎಂದು ಮಗಳು ನೂರು ಸಲ ಹೇಳಿದರೂ ಆ ಮಾತು ಅಮ್ಮನ ಕಿವಿಗೆ ಬೀಳಲಿಲ್ಲ.

ಆಕೆ ಶಾಲೆಗೆ ಕೆಲಸಕ್ಕೆ ಸೇರಿದ ನಾಲ್ಕನೇ ವರ್ಷದಲ್ಲಿ ಗಣಿತದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ, ಉಳಿದವರೆಲ್ಲ ತರಗತಿಗೆ ಹೋಗಿದ್ದಾಗ, ಮದುವೆಯ ಮಾತೆತ್ತಿದರು. ತೆಳ್ಳಗಿನ, ಕಡಿಮೆ ಮಾತಿನ ಮನುಷ್ಯ. ಆಕೆ ಉತ್ತರಪತ್ರಿಕೆಯೊಂದರ ಹಿಂದೆ ಅದೇ ನಕ್ಷೆ ಬಿಡಿಸಿ ಅವರ ಮುಂದೆ ಸರಿಸಿದರು. ಮೇಷ್ಟ್ರು ಬಹಳ ಹೊತ್ತು ನೋಡಿದರು.

"ನಿಮ್ಮಲ್ಲಿ ಇರೋ ಸಾಧ್ಯತೆ ಅರ್ಧ. ಹುಟ್ಟೋದು ಗಂಡಾಗೋದು ಅರ್ಧ. ಅವನಿಗೆ ದಾಟೋದು ಅರ್ಧ. ಎಂಟರಲ್ಲಿ ಒಂದು. ಉಳಿದ ಏಳರ ಬಗ್ಗೆ ಯಾಕೆ ಮಾತಾಡಲ್ಲ ನೀವು?"

"ಆ ಒಂದನ್ನ ನಾನು ಎತ್ತಿ ಕೂರಿಸಿದೀನಿ ಸರ್. ಊಟ ಮಾಡಿಸಿದೀನಿ. ಏಳರ ಪರಿಚಯ ನನಗಿಲ್ಲ."

ಮಕ್ಕಳು ಬೇಡವೆಂದರೂ ಸರಿ ಎಂದರು ಮೇಷ್ಟ್ರು. ಈಗ ಹಾಗೆನ್ನುತ್ತೀರಿ, ನಾಳೆ ನನ್ನ ಮುಖ ನೋಡಿ ಏಳನ್ನೇ ಎಣಿಸುತ್ತೀರಿ ಎಂದರು ಆಕೆ. ಅವರು ಎರಡು ವರ್ಷ ಕಾದು, ವರ್ಗ ಮಾಡಿಸಿಕೊಂಡು ಹೋದರು. ಮದುವೆಯಾಯಿತು, ಎರಡು ಮಕ್ಕಳಾದವು ಎಂದು ಸುದ್ದಿ ಬಂತು.

ಇನ್ನೊಂದು ದುಂಡು ತಂಗಿ. ಮನೆಯಲ್ಲಿ ಎಲ್ಲರಿಗೂ ಪುಟ್ಟಿ; ಅಕ್ಕನಿಗಿಂತ ಐದು ವರ್ಷ ಚಿಕ್ಕವಳು, ಬಾಯಿ ಮಾತ್ರ ಅಕ್ಕನ ಎರಡರಷ್ಟು. ಹೊಲಿಗೆ ಕಲಿತು ಶಾಲಾ ಸಮವಸ್ತ್ರ ಹೊಲಿಯುತ್ತಿದ್ದಳು. ಮೋಟಾರು ರಿಪೇರಿ ಮಾಡುವವನೊಬ್ಬನನ್ನು ಮೆಚ್ಚಿ ಮದುವೆಗೆ ನಿಂತಾಗ ಅಕ್ಕ ಒಮ್ಮೆ, ಒಂದೇ ಒಂದು ಸಲ, ವಿಷಯ ಎತ್ತಿದರು.

"ಅಕ್ಕ, ನಿನ್ನ ಪಾಠ ನಿನ್ನ ಸ್ಕೂಲಲ್ಲೇ ಇರ್ಲಿ. ಹೆಜ್ಜೆಹೆಜ್ಜೆಗೂ ಲೆಕ್ಕ ಹಾಕ್ಕೊಂಡು ಬದುಕೋಕೆ ನನ್ನ ಕೈಲಾಗಲ್ಲ" ಎಂದಳು ಪುಟ್ಟಿ.

ಅಕ್ಕನಿಗೆ ಅಡುಗೆಮನೆಯ ಆ ಸಂಜೆ ಕಣ್ಣ ಮುಂದೆ ಬಂತು. ಇನ್ನೊಮ್ಮೆ ಬಾಯಿ ತೆರೆಯಲಿಲ್ಲ.

ಪುಟ್ಟಿಗೆ ಮಗ ಹುಟ್ಟಿದ. ಅವನಿಗೆ ನಾಲ್ಕು ತುಂಬಿದ ವರ್ಷ, ನೆಲದ ಮೇಲೆ ಆಡುತ್ತಿದ್ದವನು ಎದ್ದು ನಿಲ್ಲುವುದನ್ನು ದೊಡ್ಡಮ್ಮ ನೋಡಿದರು. ಮೊದಲು ಕೈ ನೆಲಕ್ಕೆ ಊರಿದ, ಆಮೇಲೆ ಮೊಣಕಾಲಿಗೆ, ಆಮೇಲೆ ತೊಡೆಗೆ. ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತುವ ಹಾಗೆ ಎದ್ದ. ತಮ್ಮ ಥೇಟ್ ಹೀಗೇ ಏಳುತ್ತಿದ್ದ. ಆಕೆ ಒಳಗೆ ಹೋಗಿ ನೀರು ಕುಡಿದು, ತಲೆನೋವೆಂದು ಹೇಳಿ ಮನೆಗೆ ಬಂದರು. ಎರಡು ತಿಂಗಳು ತುಟಿ ಬಿಚ್ಚಲಿಲ್ಲ. ಕೊನೆಗೆ ಪುಟ್ಟಿಯೇ, ಇವನು ಯಾಕೋ ಬಹಳ ಬೀಳುತ್ತಾನೆ ಎಂದು ಆಸ್ಪತ್ರೆಗೆ ಕರೆದೊಯ್ದಳು. ಈಗ ರಕ್ತದಲ್ಲೇ ನೋಡಿ ಹೇಳುವ ಪರೀಕ್ಷೆ ಬಂದಿತ್ತು. ಮಗನ ವಂಶವಾಹಿಯಲ್ಲಿ ಒಂದು ತುಂಡು ಕಾಣೆಯಾಗಿತ್ತು. ತಾಯಿಯ ಎರಡು ಪ್ರತಿಗಳ ಪೈಕಿ ಒಂದರಲ್ಲಿ ಅದೇ ತುಂಡು ಕಾಣೆ.

"ನಿಮ್ಮಕ್ಕನದ್ದೂ ನೋಡಬಹುದು, ಎಲ್ಲಿ ಹುಡುಕಬೇಕು ಅಂತ ಈಗ ಗೊತ್ತಿದೆಯಲ್ಲ" ಎಂದರು ವೈದ್ಯರು.

"ಈ ವಯಸ್ಸಿಗೆ ಯಾಕೆ?" ಎಂದು ಅಕ್ಕ ತಳ್ಳಿಹಾಕಿದರು.

ಹುಡುಗ ಬೆಳೆದ. ಹತ್ತು ದಾಟುವಷ್ಟರಲ್ಲಿ ಗಾಲಿಕುರ್ಚಿ ಬಂತು. ಬಾಯಿ ಅಮ್ಮನದ್ದು, ತಲೆ ದೊಡ್ಡಮ್ಮನದ್ದು. ಅಪ್ಪ ದಿನಾ ಬೆಳಿಗ್ಗೆ ಗ್ಯಾರೇಜಿನ ಗಾಡಿಯಲ್ಲಿ ದೊಡ್ಡಮ್ಮನ ಶಾಲೆಗೆ ತಂದು, ಎತ್ತಿ ಇಳಿಸಿ, ಸಂಜೆ ಬಂದು ಎತ್ತಿಕೊಂಡು ಹೋಗುತ್ತಿದ್ದ. ಅವನು ಹತ್ತನೇ ತರಗತಿಗೆ ಬಂದಾಗ ಮುಖ್ಯೋಪಾಧ್ಯಾಯಿನಿ ಇಡೀ ತರಗತಿಯನ್ನು ಮಹಡಿಯಿಂದ ಕೆಳಕ್ಕೆ ಇಳಿಸಿದರು.

ಆ ವರ್ಷ ಬಟಾಣಿ ಟೀಚರ್ ವಂಶದ ನಕ್ಷೆಯನ್ನು ಬಿಟ್ಟೇ ಬಿಡಬೇಕೆಂದುಕೊಂಡಿದ್ದರು. ಅಭ್ಯಾಸಬಲ, ಬೋರ್ಡಿನ ಮುಂದೆ ನಿಂತಾಗ ಕೈ ತಾನೇ ಬಿಡಿಸಿತು. ಮುಂದಿನ ಸಾಲಿನ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿದ್ದವನು ಸುಮ್ಮನೆ ನೋಡುತ್ತಿದ್ದ.

"ಟೀಚರ್, ಅದು ನಮ್ಮನೆ ಅಲ್ವಾ?"

ಶಾಲೆಯಲ್ಲಿ ಅವನೂ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದ. ನಲವತ್ತು ತಲೆಗಳು ಅವನ ಕಡೆ ತಿರುಗಿದವು.

"ಹೌದು" ಎಂದರು ಆಕೆ.

"ಹಾಗಾದ್ರೆ ಒಂದು ಸಾಲು ಕಮ್ಮಿ ಇದೆ. ಬಲಗಡೆ ದುಂಡಿನ ಕೆಳಗೆ ಒಂದು ಚೌಕ ಬರೀರಿ. ಪೂರ್ತಿ ತುಂಬಿ. ಆ ದುಂಡನ್ನೂ ಅರ್ಧ ತುಂಬಿ, ಅಮ್ಮಂದು ಗೊತ್ತಾಗಿದೆಯಲ್ಲ."

ಆಕೆ ಬರೆದರು. ಚೌಕ ತುಂಬುವಾಗ ಸೀಮೆಸುಣ್ಣದ ಕಿರ್‌ ಕಿರ್‌ ಕೊನೆಯ ಬೆಂಚಿನವರೆಗೂ ಕೇಳಿಸಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು: "ಎಡಗಡೆಯವರು ಪರೀಕ್ಷೆ ಮಾಡಿಸ್ಕೊಂಡಿಲ್ವಾ ಟೀಚರ್?"

"ಇಲ್ಲ." ಅಷ್ಟು ಹೊತ್ತಿಗೆ ಗಂಟೆ ಹೊಡೆಯಿತು.

ಮುಂದಿನ ವಾರ ಜೀವವಿಕಾಸ. ಪಾಠ ಮುಗಿದ ಮೇಲೆ, ಅಪ್ಪನ ಗಾಡಿ ಬರುವವರೆಗೆ ಹುಡುಗ ಪ್ರಯೋಗಾಲಯದಲ್ಲಿ ದೊಡ್ಡಮ್ಮನ ಜೊತೆ ಕೂತಿದ್ದ. ಆಕೆ ಸೂಕ್ಷ್ಮದರ್ಶಕಗಳಿಗೆ ಬಟ್ಟೆ ಮುಚ್ಚುತ್ತಿದ್ದರು.

"ದೊಡ್ಡಮ್ಮ, ಯೋಗ್ಯವಾದದ್ದು ಉಳಿಯುತ್ತೆ ಅಂತ ಬರೆಸಿದ್ರಲ್ಲ. ಅಂದ್ರೆ ನಾನು?"

"ಪ್ರಕೃತಿ ಆರಿಸೋದು ಅಂದ್ರೆ ಯಾರೋ ಕೂತ್ಕೊಂಡು ಮಾರ್ಕ್ಸ್ ಹಾಕೋದಲ್ಲ ಕಣೋ. ಕೆಲವರು ಜಾಸ್ತಿ ಮಕ್ಕಳನ್ನ ಬಿಟ್ಟು ಹೋಗ್ತಾರೆ, ಕೆಲವರು ಕಮ್ಮಿ. ಅಷ್ಟೇ ಅದರರ್ಥ. ಒಳ್ಳೆಯವರು ಕೆಟ್ಟವರು ಅಂತಲ್ಲ."

"ಹಾಗಾದ್ರೆ ನಾವಿಬ್ರೂ ಫೇಲು ಬಿಡಿ."

ಆಕೆಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ನಗು ನಿಂತ ಮೇಲೆ ಅವನು ತನ್ನ ಕೈಗಳನ್ನೇ ನೋಡಿಕೊಂಡು ಹೇಳಿದ: "ಅಮ್ಮ ನಿಮ್ಮ ಥರ ಯೋಚನೆ ಮಾಡಿದ್ದಿದ್ರೆ ನಾನು ಇರ್ತಾನೇ ಇರ್ಲಿಲ್ಲ. ಅದು ಒಳ್ಳೇದಾಗ್ತಿತ್ತೋ ಏನೋ ಅಂತ ಒಂದೊಂದು ಸಲ ಅನ್ಸುತ್ತೆ. ಒಂದೊಂದು ಸಲ ಇಲ್ಲ. ನೀವು ಪರೀಕ್ಷೆ ಮಾಡಿಸಿ ದೊಡ್ಡಮ್ಮ. ನಿಮ್ಮ ಲೆಕ್ಕನಾದ್ರೂ ಸರಿಯಿತ್ತಾ ಅಂತ ನನಗೆ ತಿಳ್ಕೋಬೇಕು."

ಬೇರೆ ಯಾರು ಕೇಳಿದ್ದರೂ ಆಗದು ಎನ್ನುತ್ತಿದ್ದರು. ಇವನು ಕೇಳಿದ್ದಕ್ಕೆ ಆ ಶನಿವಾರ ಹೋಗಿ ರಕ್ತ ಕೊಟ್ಟು ಬಂದರು.

ಮೂರು ವಾರದ ಮೇಲೆ ಆಸ್ಪತ್ರೆಯ ಕಿಟಕಿಯಲ್ಲಿ ಕೊಟ್ಟ ಲಕೋಟೆಯನ್ನು ಕಾರಿಡಾರಿನ ಬೆಂಚಿನ ಮೇಲೆ ಕೂತು ಒಡೆದರು. ವಂಶವಾಹಿಯ ಎರಡೂ ಪ್ರತಿ ಪೂರ್ತಿಯಾಗಿವೆ, ಯಾವ ತುಂಡೂ ಕಾಣೆಯಾಗಿಲ್ಲ, ವಾಹಕಿಯಲ್ಲ. ಮೂರು ಸಾಲು. ಆಗ ಆಕೆಗೆ ನಲವತ್ತೆಂಟು. ಸಂತೋಷ ಬರಬಹುದೆಂದು ಸ್ವಲ್ಪ ಹೊತ್ತು ಕಾದರು. ಬಂದದ್ದು ಗಣಿತದ ಮೇಷ್ಟ್ರ ಮುಖ, ಅದೂ ಸರಿಯಾಗಿ ಅಲ್ಲ; ಅವರ ಅಂಗಿಯ ಜೇಬಿನಲ್ಲಿ ಸಿಕ್ಕಿಸಿರುತ್ತಿದ್ದ ಎರಡು ಪೆನ್ನು ಮಾತ್ರ ಚೆನ್ನಾಗಿ ನೆನಪಿತ್ತು. ಎಂಟರಲ್ಲಿ ಒಂದು ಎಂದಿದ್ದರು. ಎಂಟರಲ್ಲಿ ಒಂದೂ ಇರಲಿಲ್ಲ. ನೆಲ ಒರೆಸುವವಳು ಬಂದು, "ಅಮ್ಮ, ಸ್ವಲ್ಪ ಕಾಲೆತ್ತಿ" ಎಂದಾಗ ಕಾಲೆತ್ತಿದರು. ಅವಳು ಮುಂದೆ ಹೋದ ಮೇಲೂ ಕಾಲು ಎತ್ತಿಕೊಂಡೇ ಕೂತಿದ್ದರು.

ಅಲ್ಲಿಂದ ನೇರ ತಂಗಿಯ ಮನೆಗೆ. ಪುಟ್ಟಿ ನಡುಮನೆಯಲ್ಲಿ ಹೊಲಿಗೆ ಯಂತ್ರದ ಮುಂದಿದ್ದಳು. ಪಕ್ಕದಲ್ಲಿ ನೀಲಿ ಬಟ್ಟೆಯ ರಾಶಿ.

"ನನಗಿಲ್ಲವಂತೆ" ಎಂದರು ಅಕ್ಕ.

ಪುಟ್ಟಿಯ ಕಾಲು ನಿಂತಿತು. "ಇಲ್ವಾ?"

"ಇಲ್ಲ."

ಪುಟ್ಟಿ ಸೂಜಿಯ ಕೆಳಗಿನ ಬಟ್ಟೆಯನ್ನು ಎಳೆದು ತೆಗೆದಳು. ದಾರ ತುಂಡಾಯಿತು. "ಹೆದರಿ ಕೂತವಳಿಗೆ ಇಲ್ಲ. ಧೈರ್ಯ ಮಾಡಿದವಳಿಗೆ ಇದೆ. ಚೆನ್ನಾಗಿದೆ." ತಲೆ ಎತ್ತದೆ ಕೇಳಿದಳು: "ಮದುವೆಗೆ ಮುಂಚೆ ಒಂದು ಸಲ ಹೇಳಿ ಸುಮ್ಮನಾದೆಯಲ್ಲ ಅಕ್ಕ. ಇನ್ನೊಂದು ಸಲ ಯಾಕೆ ಹೇಳ್ಲಿಲ್ಲ? ಕೈ ಹಿಡಿದು ಕೂರಿಸಿ, ಬೇಡ ಕಣೇ ಅಂತ ಯಾಕೆ ಹೇಳ್ಲಿಲ್ಲ?"

"ಅಮ್ಮನಿಗೆ ಹೇಳಿದ್ದೆನಲ್ಲ. ಏನಾಯ್ತು ನೋಡಿದ್ದೀಯ."

"ನನಗೆ ಹೇಳ್ಬೇಕಿತ್ತು. ಹೇಳಿದ್ದಿದ್ರೆ..."

"ಅಮ್ಮ" ಎಂದು ಒಳಗಿನ ಕೋಣೆಯಿಂದ ದನಿ ಬಂತು. "ನನಗೆ ಕೇಳಿಸ್ತಿದೆ."

ಪುಟ್ಟಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಅಕ್ಕ ಹೊಸ್ತಿಲಲ್ಲೇ ನಿಂತರು. ಒಳಗೆ ಪುಟ್ಟಿ ಅಳುತ್ತಿದ್ದಳು. ಹುಡುಗ, "ಬಿಡಮ್ಮ, ಬಾಯಿತಪ್ಪಿ ಬಂತು, ಬಿಡು" ಎಂದು ಸಮಾಧಾನ ಹೇಳುತ್ತಿದ್ದ, ತಪ್ಪು ಅವನದ್ದೇ ಎಂಬ ಹಾಗೆ.

ಆ ಮಾತು ಆಮೇಲೆ ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಹುಡುಗ ಹತ್ತನೆಯದನ್ನು ಒಳ್ಳೆಯ ಅಂಕಗಳಲ್ಲಿ ಮುಗಿಸಿದ, ಕಾಲೇಜಿಗೆ ಎರಡು ವರ್ಷ ಹೋದ. ಕೈಯಲ್ಲಿ ಪೆನ್ನು ನಿಲ್ಲದ ಹಾಗಾದಾಗ ದೊಡ್ಡಮ್ಮ ಅವನು ಹೇಳಿದ್ದನ್ನು ಬರೆದುಕೊಟ್ಟರು. ಹತ್ತೊಂಬತ್ತನೇ ವಯಸ್ಸಿನಲ್ಲಿ, ಚಳಿ ಶುರುವಾದ ದಿನಗಳಲ್ಲಿ ಎದೆ ಕಟ್ಟಿತು. ಆಸ್ಪತ್ರೆಯಲ್ಲಿ ಆರು ದಿನ ಮೂಗಿಗೂ ಬಾಯಿಗೂ ಮುಖವಾಡ ಕಟ್ಟಿದ್ದರು, ಮಾತಾಡಲು ಆಗುತ್ತಿರಲಿಲ್ಲ. ಏಳನೇ ದಿನ ಮಧ್ಯಾಹ್ನ ಹೋದ.

ಅವನು ಹೋದ ಆರು ತಿಂಗಳಿಗೆ, ಒಂದು ಭಾನುವಾರ ಮಧ್ಯಾಹ್ನ, ಅಕ್ಕ ತಂಗಿಯ ಮನೆಗೆ ಬಂದಾಗ ಪುಟ್ಟಿ ಮತ್ತೆ ಹೊಲಿಗೆಗೆ ಕೂತಿದ್ದಳು. ಶಾಲೆ ತೆರೆಯುವ ಕಾಲ, ಬಟ್ಟೆ ಬಂದು ಬಿದ್ದಿತ್ತು. ಅಕ್ಕ ಗುಂಡಿ ಹೊಲಿಯಲು ಒಂದು ಅಂಗಿ ಎತ್ತಿಕೊಂಡರು. ಗಂಟೆ ಕಳೆದ ಮೇಲೆ ಪುಟ್ಟಿ ಕೇಳಿದಳು:

"ಅಕ್ಕ, ಅವನು ಅವತ್ತು ಕೇಳಿಸ್ಕೊಂಡನಲ್ಲ. ನಿನ್ನ ಹತ್ರ ಏನಾದ್ರೂ ಅಂದ್ನಾ? ಬರೆಸ್ಕೊಳ್ಳೋವಾಗ, ಯಾವಾಗಾದ್ರೂ?"

ಅವನು ಏನೂ ಅಂದಿರಲಿಲ್ಲ. ಪ್ರಯೋಗಾಲಯದಲ್ಲಿ ಅಂದದ್ದು ಅದಕ್ಕೂ ಮುಂಚಿನದು, ಅದನ್ನು ತಾಯಿಗೆ ಹೇಳುವಂತಿರಲಿಲ್ಲ. ಇಷ್ಟು ವರ್ಷ ಪಾಠ ಹೇಳಿದವರು ದಾರವನ್ನು ಸೂಜಿಗೆ ಪೋಣಿಸುತ್ತ ಉತ್ತರ ಕಟ್ಟಿದರು.

"ಅಂದಿದ್ದ. ಅಮ್ಮ ಧೈರ್ಯ ಮಾಡಿದ್ದಕ್ಕೆ ನಾನು ಇಷ್ಟು ದಿನ ನೋಡಿದೆ ಅಂದ. ನಿನ್ನ ಮೇಲೆ ಅವನಿಗೆ ಏನೂ ಇರ್ಲಿಲ್ಲ ಪುಟ್ಟಿ."

"ಯಾವಾಗ ಅಂದ?"

"ಕಾಲೇಜಿನ ಪರೀಕ್ಷೆಯ ಹೊತ್ತಿಗೆ."

"ನಿಜ ಹೇಳು."

"ನಿಜ."

ಪುಟ್ಟಿ ಅಕ್ಕನ ಮುಖವನ್ನೇ ನೋಡಿದಳು. ನಂಬಿದಳೋ ಇಲ್ಲವೋ ಅಕ್ಕನಿಗೆ ತಿಳಿಯಲಿಲ್ಲ. ಆಮೇಲೆ ಅವಳು ತಲೆಯಾಡಿಸಿ, ಹೊಲಿಯುತ್ತಿದ್ದ ಬಟ್ಟೆಯನ್ನು ತಿರುಗಿಸಿ ಸೂಜಿಯ ಕೆಳಗಿಟ್ಟು, ಯಂತ್ರ ತುಳಿಯತೊಡಗಿದಳು.